ಅವ್ವನ ಕಂಬಳಿ ಗವಸು

ಇವತ್ತು ಟ್ರಂಕು ತೆಗೆದೊಡನೆ ಕುರಿ ವಾಸನೆ ಮೂಗಿಗೆ ಬಡಿಯಿತು. ಅವ್ವನ ಕಂಬಳಿ ಕೈಗವಸು!

ನಾವು ಚಿಕ್ಕವರಿದ್ದಾಗ, ಕರುಳಿನ ಕ್ಯಾನ್ಸರಿಗೆ ಬಳ್ಳಾರಿಯಲ್ಲಿ ಕೀಮೋ ಹಾಕಿಸಿಕೊಂಡು ಬಂದರೆ ಅವ್ವನಿಗೆ ತಣ್ಣೀರು ಮುಟ್ಟಿದರೂ ಬೆರಳಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಅಪ್ಪ ಹಳೇ ಕಂಬಳಿ ಕತ್ತರಿಸಿ, ದಬ್ಬಣದಲ್ಲಿ ಗವಸು ಹೊಲಿದುಕೊಟ್ಟ. ರಾಯದುರ್ಗದ ಉರಿಬಿಸಿಲಲ್ಲೂ ಅದನ್ನು ಹಾಕಿಕೊಂಡೇ ಅವ್ವ ಕೊಡ ಎತ್ತುತ್ತಿದ್ದಳು, ನಮಗೂ ಬಾರಿಸುತ್ತಿದ್ದಳು. ಏಟು ಒಂಚೂರೂ ತಾಗುತ್ತಿರಲಿಲ್ಲ.

"ಜೋರಾಗಿ ಅಳ್ರೋ, ಇಲ್ಲಾಂದ್ರ ಕೈಯಾಗ ಶಕ್ತಿ ಹೋತು ಅಂತ ನಿಮ್ಮವ್ವ ಕೊರಗ್ತಾಳ," ಎಂದು ಅಪ್ಪ ಗುಟ್ಟಾಗಿ ಹೇಳಿಕೊಟ್ಟಿದ್ದ. ತಂಗಿಯಂತೂ ಏಟು ಬೀಳುವ ಮೊದಲೇ ಕಿರುಚುತ್ತಿದ್ದಳು.

"ಇನ್ನಾ ಮುಟ್ಟೇ ಇಲ್ಲ, ಯಾಕ ಒದರ್ತೀಯೇ?" ಎಂದು ಅವ್ವ ಬೆರಗಾಗುತ್ತಿದ್ದಳು.

ಈಗ ಗವಸು ಹಾಕಿಕೊಂಡು ಅವ್ವನೆದುರು ಕುಣಿದೆ. "ಮನಿ ತುಂಬ ಕುರಿ ವಾಸನಿ ಮಾಡ್ದೆಲ್ಲೋ!" ಎಂದು ಬರಿಗೈಯಲ್ಲಿ ಬೆನ್ನಿಗೆ ಒಂದು ಬಿಟ್ಟಳು.

ಈ ಸಲ ಅಳು ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ.