ಬೊಕ್ಸುನ್ ಅಕ್ಕನ ಕಿಮ್ಚಿ ದಿನ

ಅಮೆರಿಕದ ಮಿನಿಯಾಪೊಲಿಸ್‌ನ ಕೊರಿಯನ್ ಸಂಘದಲ್ಲಿ ಚಳಿಗಾಲಕ್ಕೆಂದು ಕಿಮ್ಚಿ, ಅಂದರೆ ಎಲೆಕೋಸಿನ ಖಾರದ ಉಪ್ಪಿನಕಾಯಿ, ಹಾಕುವ ದಿನ ಬಂತೆಂದರೆ ಬೊಕ್ಸುನ್ ಅಕ್ಕನ ಮೂಗಿನ ತುದಿಯಲ್ಲೇ ಕೋಪ. ಸಂಬಳವಿಲ್ಲದ ಈ ಸೇವೆಗೆ ಎಲ್ಲರಿಗಿಂತ ಮೊದಲು ಬಂದು, ಉಪ್ಪಿನಲ್ಲಿ ನೆನೆದ ಎಲೆಕೋಸು ಹಿಂಡುತ್ತಲೇ ಬೈಗುಳ ಶುರುಮಾಡುತ್ತಾಳೆ. ಅಧ್ಯಕ್ಷರು ಹೊಸ ಕೈಗವಸು ತೊಟ್ಟು ಫೋಟೋಗೆ ನಿಂತರೆ, "ಅದಕ್ಕೆ ಸ್ವಲ್ಪ ಖಾರಾನಾದ್ರೂ ಮೆತ್ಕೊಳ್ಳಿ ಸ್ವಾಮಿ, ನೋಡಿದೋರು ನಂಬಬೇಕಲ್ಲ!" ಎನ್ನುತ್ತಾಳೆ. ಆದರೆ ಅವಳಿಗೆ ಮೈಯೆಲ್ಲ ಉರಿಯುವುದು ಹೆಂಗಸರು ತವರಿನ ಮಾತೆತ್ತಿದಾಗ. ಒಬ್ಬಳು "ನಮ್ಮಮ್ಮ ಸೀಗಡಿ ಹಾಕ್ತಿದ್ರು" ಎಂದರೆ, ಇನ್ನೊಬ್ಬಳು "ನಮ್ಮಮ್ಮ ಮರಸೇಬು ತುರಿದು ಹಾಕ್ತಿದ್ರು" ಎನ್ನುತ್ತಾಳೆ. "ನಿಮ್ಮಮ್ಮಂದಿರ ರುಚಿ ನಿಮ್ಮನಿಮ್ಮ ಮನೇಲಿಟ್ಕೊಳ್ರೇ! ಇಲ್ಲಿ ಸಂಘದ್ದೇ ರುಚಿ!" ಎಂದು ಅಕ್ಕ ಬೋಗುಣಿ ಕುಟ್ಟುತ್ತಾಳೆ. ಈ ಸಲ ಹೊಸದಾಗಿ ಸೇವೆಗೆ ಬಂದ ಆರಮ್ ಏನೂ ತಿಳಿಯದೆ, "ನಿಮ್ಮಮ್ಮ ಏನು ಹಾಕ್ತಿದ್ರು ಅಕ್ಕಾ?" ಎಂದು ಕೇಳಿಬಿಟ್ಟಳು. ಉಳಿದವರ ಕೈಗಳು ನಿಂತವು. ಹಾಲುಗೂಸಾಗಿದ್ದ ಬೊಕ್ಸುನ್‌ಳನ್ನು ಕೊರಿಯಾದ ಅನಾಥಾಲಯದವರು ವಿಮಾನ ಹತ್ತಿಸಿ ಇಲ್ಲಿಯ ಬಿಳಿಯರಿಗೆ ದತ್ತು ಕೊಟ್ಟದ್ದು, ನಲವತ್ತು ದಾಟಿದ ಮೇಲೆ ಅವಳು ಇದೇ ಅಡುಗೆಮನೆಯಲ್ಲಿ ಕಿಮ್ಚಿ ಕಲಿತದ್ದು ಅವರಿಗೆಲ್ಲ ಗೊತ್ತು. ಅಕ್ಕ ಎಲೆಕೋಸಿನ ಒಂದು ಎಲೆಯಲ್ಲಿ ಖಾರದ ಮಸಾಲೆ ಸುತ್ತಿ, ಆ ದಿನ ಒಬ್ಬರಿಗೊಬ್ಬರು ಕೈಯಾರೆ ತುತ್ತಿಡುವ ಪದ್ಧತಿಯಂತೆ, ಆರಮ್‌ಳ ಬಾಯಿಗೆ ತುರುಕಿದಳು. "ತಿಂದು ನೋಡೇ!" ಎಂದು ಗದರಿದಳು, "ಇದಕ್ಕೆ ತಾಯಿ ಕೈ ತಗಲಿಲ್ಲ ಅಂತ ಎಲ್ಲಾದ್ರೂ ಗೊತ್ತಾಗುತ್ತಾ, ಹೇಳು!"