ಕೈ ನೋಡಿ ಮೇಡಂ

ಆಟದ ನಡುವೆ ಹುಡುಗಿಯೊಬ್ಬಳು ಬಿದ್ದರೆ ಎಲ್ಲರ ಕಣ್ಣೂ ಅವಳ ಮೇಲೆ ಹೋಗುತ್ತದೆ. ಚಿಂತಾಮಣಿಯ ಮೇಷ್ಟ್ರು ಮಾತ್ರ ಬೇರೆ ಕಡೆ ನೋಡುತ್ತಿದ್ದರು. ನಿವೃತ್ತರಾದ ಪಿ.ಟಿ. ಮೇಷ್ಟ್ರು ಅವರು. ನಮ್ಮ ಸುತ್ತಮುತ್ತ ಶಾಲೆಗಳ ಬ್ಯಾಸ್ಕೆಟ್‌ಬಾಲ್ ಪಂದ್ಯ ಎಲ್ಲೇ ನಡೆದರೂ ರೆಫರಿಯಾಗಿ ಅವರಿರುತ್ತಿದ್ದರು. ನಾನು ಮಂಚೇನಹಳ್ಳಿಯ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ಆಟ ಕಲಿಸುವವಳು. ರೆಫರಿ ಪರೀಕ್ಷೆ ಪಾಸು ಮಾಡಿದ ವರ್ಷ ನನ್ನನ್ನು ಅವರ ಜೊತೆಗೇ ಹಾಕುತ್ತಿದ್ದರು. ಹೊಸಬಳಾದ ನನಗೆ ನಿಯಮದ ಪುಸ್ತಕಕ್ಕಿಂತ ಅವರ ಮೇಲೆಯೇ ಹೆಚ್ಚು ಕುತೂಹಲ. ಬಿದ್ದವಳನ್ನು ಬಿಟ್ಟು ಎತ್ತಲೋ ನೋಡುತ್ತೀರಲ್ಲ, ಯಾಕೆ ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಅವಳನ್ನ ನೀನು ನೋಡ್ತಿರ್ತೀಯಲ್ಲಮ್ಮ," ಎಂದರು. "ಇಬ್ರೂ ಅಲ್ಲೇ ನೋಡ್ತಾ ನಿಂತ್ರೆ, ಮಿಕ್ಕ ಒಂಬತ್ತು ಜನ ಏನ್ ಮಾಡ್ಕೊಂತಾವ್ರೆ ಅನ್ನೋದು ಯಾರಿಗ್ ಗೊತ್ತಾಗ್ಬೇಕು?"

ತಕರಾರು ತೆಗೆಯುವ ಕೋಚ್‌ಗಳನ್ನು ಅವರು ಸುಮ್ಮನಾಗಿಸುತ್ತಿದ್ದ ರೀತಿ ನನಗೆ ಇನ್ನೂ ಅರ್ಥವಾಗಿರಲಿಲ್ಲ. ಆಟ ನಿಂತ ಹೊತ್ತಿನಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಧಾನವಾಗಿ ಆ ಮನುಷ್ಯನ ಹತ್ತಿರ ಹೋಗುವರು. ಒಂದು ಮಾತು ಹೇಳುವರು. ಅವನು ಏನೋ ಹೇಳುವನು, ಇವರು ತಲೆಯಾಡಿಸುವರು, ಅಲ್ಲಿಗೆ ಮುಗಿಯಿತು. ಏನು ಮಂತ್ರ ಹಾಕುತ್ತಾರೋ ತಿಳಿಯಬೇಕೆಂದು ಒಮ್ಮೆ ಬೇಕೆಂದೇ ಹತ್ತಿರ ನಿಂತು ಕೇಳಿಸಿಕೊಂಡೆ. "ಏನ್ ನೋಡಿದ್ರಿ ಸಾರ್, ಹೇಳಿ" ಅಂತಷ್ಟೇ ಕೇಳಿದ್ದರು. ತೀರ್ಪನ್ನೇನೂ ಬದಲಾಯಿಸಲಿಲ್ಲ. ಇಷ್ಟೇನಾ ಅನ್ನಿಸಿತು. ಆದರೆ ನಾನು ಹಾಗೆ ಮಾಡಲು ಹೋದರೆ, ಆ ಕೋಚ್ ಬಾಯಿ ತೆರೆಯುವಷ್ಟರಲ್ಲೇ ನನ್ನ ಕಿವಿ ಬಿಸಿಯಾಗಿ, ಉತ್ತರ ನಾಲಿಗೆಯ ತುದಿಗೆ ಬಂದುಬಿಡುತ್ತಿತ್ತು.

ನಾಲ್ಕು ವರ್ಷದ ಹಿಂದೆ ಚಿಂತಾಮಣಿಯ ಶಾಲೆಯೊಂದರ ಸಿಮೆಂಟ್ ಅಂಕಣದಲ್ಲಿ ಚಿಕ್ಕಬಳ್ಳಾಪುರದ ಹುಡುಗಿಯರಿಗೂ ಶಿಡ್ಲಘಟ್ಟದ ಹುಡುಗಿಯರಿಗೂ ಪಂದ್ಯ. ರೆಫರಿಗಳು ಮೇಷ್ಟ್ರು ಮತ್ತು ನಾನು. ಶಿಡ್ಲಘಟ್ಟದ ಕೋಚ್ ಅಸಲಿಗೆ ಗಣಿತದ ಮೇಷ್ಟ್ರು. ಅವರ ಶಾಲೆಯಲ್ಲಿ ಆಟ ಕಲಿಸುವವರಿಲ್ಲದೆ, ತಾವೇ ಫೋನಿನಲ್ಲಿ ವೀಡಿಯೊ ನೋಡಿ ಕಲಿತು ಮಕ್ಕಳಿಗೆ ಕಲಿಸಿದ್ದರು. ಆ ಶ್ರಮದ ಬಗ್ಗೆ ನನಗೆ ಗೌರವವಿತ್ತು. ಆದರೆ ಆಟ ಶುರುವಾದ ಎರಡನೇ ನಿಮಿಷದಿಂದ ಅವರ ಬಾಯಿ ನಿಲ್ಲಲಿಲ್ಲ. ಎದುರಾಳಿ ಚೆಂಡು ಕಿತ್ತುಕೊಂಡಾಗಲೆಲ್ಲ, ತಮ್ಮ ಹುಡುಗಿಯ ತೋಳಿಗೆ ಹೊಡೆದಳು ಎಂಬ ಅರ್ಥದಲ್ಲಿ "ಕೈ ಮೇಡಂ, ಕೈ" ಎನ್ನುತ್ತಿದ್ದರು. ಕೆಲವು ಸಲ ಅದು ನಿಜವೂ ಇತ್ತು, ನಾನು ಸೀಟಿ ಊದಿದ್ದೆ. ಹೆಚ್ಚಿನ ಸಲ ಇರಲಿಲ್ಲ. ಹುಡುಗಿಯರನ್ನು ಸಮಾಧಾನ ಮಾಡಲು, ನಮ್ಮ ಮೇಲೆ ದೂರು ಹೇಳಲು ಆಟ ನಿಲ್ಲಿಸಿ ಮಾತಾಡಲು ಸಿಗುವ ಟೈಮ್‌ಔಟ್‌ಗಳನ್ನೆಲ್ಲ ಅವರು ಬೇಗನೇ ಮುಗಿಸಿಬಿಟ್ಟಿದ್ದರು.

ಅವರ ಕಡೆ ಬಂದಿದ್ದವರೇ ಆರು ಜನ. ಮಿಕ್ಕವರು ಜ್ವರದಲ್ಲಿ ಮಲಗಿದ್ದರಂತೆ. ಕೊನೆಯ ಕಾಲು ಭಾಗದ ಆಟಕ್ಕೆ ಬರುವ ಹೊತ್ತಿಗೆ ಒಬ್ಬಳಿಗೆ ಐದು ಫೌಲ್ ಆಗಿ ಅವಳು ಹೊರಗೆ ಕೂತಿದ್ದಳು. ಉಳಿದ ಐವರೇ ಆಡಬೇಕು, ಬದಲಿಗೆ ಯಾರೂ ಇಲ್ಲ. ಶಿಡ್ಲಘಟ್ಟದವರು ಮೂರೇ ಅಂಕ ಹಿಂದಿದ್ದರು.

ಆಗಲೇ ಶಿಡ್ಲಘಟ್ಟದ ತಂಡದಲ್ಲಿ ಎಲ್ಲರಿಗಿಂತ ಗಿಡ್ಡನೆಯ, ಎಲ್ಲರಿಗಿಂತ ಚುರುಕಾದ ಹುಡುಗಿ ಎದುರಾಳಿಗೆ ಡಿಕ್ಕಿಯಾಗಿ ಕೈಯೂರಿ ಬಿದ್ದಳು. ಚೆಂಡು ಚಿಕ್ಕಬಳ್ಳಾಪುರದವರ ಕೈಯಲ್ಲಿತ್ತು, ಬುಟ್ಟಿಯ ಹತ್ತಿರವೇ. ಬಿದ್ದವಳಿಗೆ ತೀರಾ ಅಪಾಯವಿದ್ದರೆ ತಕ್ಷಣ ಆಟ ನಿಲ್ಲಿಸಬೇಕು. ಇಲ್ಲವಾದರೆ ಚೆಂಡು ಹಿಡಿದವರ ಸರದಿ ಮುಗಿಯುವ ತನಕ ಕಾಯಬೇಕು. ಅವಳು ಎದ್ದು ಕೂತದ್ದು ಕಂಡಿತು, ಕಾದೆ. ಎಸೆತ ಗುರಿ ತಪ್ಪಿದ ಮೇಲೆ ಸೀಟಿ ಊದಿ ಓಡಿದೆ. ನಾನು ತಲುಪುವಷ್ಟರಲ್ಲಿ ಅವಳು ನಿಂತುಕೊಂಡು ಮಂಡಿಯ ಧೂಳು ಒರೆಸುತ್ತಿದ್ದಳು. ಎಲ್ಲಿ ಪೆಟ್ಟಾಯಿತು ಎಂದು ಕೇಳಿದರೆ ಗಾಬರಿಯಲ್ಲಿ ಮನೆಯ ತೆಲುಗೇ ಬಾಯಿಗೆ ಬಂತು.

"ಏಮೀ ಕಾಲೇದು ಮೇಡಂ," ಎಂದಳು. ಆಮೇಲೆ, "ಏನೂ ಆಗಿಲ್ಲ, ಆಡ್ತೀನಿ."

ನಾನು ನಂಬಿದೆ. ಆಟ ಮುಂದುವರಿಯಿತು.

ಸ್ವಲ್ಪ ಹೊತ್ತಿಗೆ ಕೋಚ್ ಮತ್ತೆ ಶುರುಮಾಡಿದರು. "ಕೈ ನೋಡಿ ಮೇಡಂ, ಕೈ ನೋಡಿ." ನಾನು ಚೆಂಡಿನ ಸುತ್ತ ನೋಡಿದೆ, ಯಾರ ಕೈಯೂ ಯಾರಿಗೂ ತಾಗಿರಲಿಲ್ಲ. ಆಟ ನಿಂತಾಗ ಹೋಗಿ ಎಚ್ಚರಿಕೆ ಕೊಟ್ಟೆ. ಅವರು ಏನೋ ಹೇಳಲು ಬಂದರು. ನಾನು ಕೇಳಲು ನಿಲ್ಲಲಿಲ್ಲ. ಅರ್ಧ ನಿಮಿಷವಾಗಿರಬೇಕು, ಮತ್ತೆ ಅದೇ ಕೂಗು. ಈ ಸಲ ಗೆರೆ ದಾಟಿ ಅಂಕಣದೊಳಗೇ ಕಾಲಿಟ್ಟಿದ್ದರು. ಶಿಸ್ತು ಮುರಿದದ್ದಕ್ಕೆ ಟೆಕ್ನಿಕಲ್ ಫೌಲ್ ಕೊಟ್ಟೆ. ಚಿಕ್ಕಬಳ್ಳಾಪುರದ ಹುಡುಗಿ ಒಂದು ಫ್ರೀ ಥ್ರೋ ಎಸೆದು ಅಂಕ ಪಡೆದಳು. ಕೋಚ್ ತಲೆಯ ಮೇಲೆ ಕೈಹೊತ್ತು ನಿಂತಿದ್ದರು.

ಆಟ ಮತ್ತೆ ಶುರುವಾದ ಕೂಡಲೇ ಆ ಗಿಡ್ಡ ಹುಡುಗಿಯ ಎದೆಗೆ ನೇರವಾಗಿ ಪಾಸು ಬಂತು. ಕಣ್ಣುಮುಚ್ಚಿ ಹಿಡಿಯಬಹುದಾದ ಚೆಂಡು. ಅವಳು ಪಕ್ಕಕ್ಕೆ ತಿರುಗಿ ಎಡಗೈ ಒಂದನ್ನೇ ಚಾಚಿದಳು. ಚೆಂಡು ಜಾರಿ ಹೊರಗೆ ಹೋಯಿತು. ಬಲಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ಸೀಟಿ ಊದಿ ಹೋಗಿ ನೋಡಿದರೆ ಮಣಿಕಟ್ಟು ದಪ್ಪಗೆ ಊದಿಕೊಂಡಿತ್ತು. ಒಳಗೆ ಬರುವಂತೆ ಕೋಚ್‌ಗೆ ಕೈಸನ್ನೆ ಮಾಡಿದೆ. ಅವರು ಬಂದು ಸ್ಕೇಲೊಂದನ್ನು ಕೈಗೆ ಆನಿಸಿ ಟವೆಲ್ ಸುತ್ತಿ ಅವಳನ್ನು ಕರೆದುಕೊಂಡು ಹೋದರು. ಅವರು ಇಷ್ಟು ಹೊತ್ತು ತೋರಿಸುತ್ತಿದ್ದದ್ದು ಯಾರ ಕೈ ಎಂದು ನನಗೆ ಆಗ ಹೊಳೆಯಿತು. ಉಳಿದ ನಾಲ್ವರೇ ಆಡಿದರು, ಆರು ಅಂಕದಿಂದ ಸೋತರು.

ಆ ಟೆಕ್ನಿಕಲ್ ಫೌಲನ್ನು ವಾಪಸು ತೆಗೆದುಕೊಳ್ಳಲು ಆಗುತ್ತದೆಯೇ ಎಂದು ಮೇಷ್ಟ್ರನ್ನು ಕೇಳಿದೆ. ಆಗುವುದಿಲ್ಲ, ಗೆರೆ ದಾಟಿ ಬಂದದ್ದಂತೂ ನಿಜ ತಾನೇ ಎಂದರು. ಆಮೇಲೆ, "ಅವ್ರ ಕೂಗು ನಂಗೂ ಕೇಳಿಸ್ತು ಕಣಮ್ಮ, ನಾನೂ ಹಳೇ ರಾಗಾನೇ ಅಂದ್ಕೊಂಡೆ. ಆಸ್ಪತ್ರೆಗೆ ಹೋಗ್ ಬಾ," ಎಂದರು.

ಆಸ್ಪತ್ರೆಯಲ್ಲಿ ಹುಡುಗಿಯ ಕೈಗೆ ಪಟ್ಟಿ ಕಟ್ಟಿ ಬೆಂಚಿನ ಮೇಲೆ ಕೂರಿಸಿದ್ದರು. ಮೂಳೆ ಸಣ್ಣಗೆ ಬಿರುಕು ಬಿಟ್ಟಿದೆಯಂತೆ. ಪಕ್ಕದಲ್ಲಿ ಕೋಚ್. ನೀವು ಅವಳ ಕೈ ನೋಡಿ ಎಂದದ್ದು ನನಗೆ ತಿಳಿಯಲಿಲ್ಲ, ನಿಂತು ಕೇಳಬೇಕಿತ್ತು, ತಪ್ಪಾಯಿತು ಎಂದೆ.

"ಬೆಳಗ್ಗೆಯಿಂದ ನಾನು ಕೂಗಿದ್ದೆಲ್ಲ ಕೈ ಕೈ ಅಂತಾನೇ ಅಲ್ವಾ ಮೇಡಂ," ಎಂದರು. "ನಿಮಗ್ ಹೆಂಗ್ ಗೊತ್ತಾಗ್ಬೇಕು. ಇವಳನ್ನ ಬಾ ಅಂತ ಕರೆದ್ರೆ ಕೇಳಿಸ್ದೇ ಇರೋ ಥರ ಓಡ್ತಿದ್ಲು."

ಯಾಕೆ ಹಾಗೆ ಮಾಡಿದೆ ಎಂದು ಅವಳನ್ನು ಕೇಳಿದೆ. ನನಗೆ ನಿಜವಾಗಿಯೂ ತಿಳಿಯಬೇಕಿತ್ತು, ಗದರಲು ಕೇಳಿದ್ದಲ್ಲ. ಅವಳು, "ಐದು ಜನ ಇಲ್ದಿದ್ರೆ ಮ್ಯಾಚ್ ಅವರಿಗೇ ಕೊಟ್ಬಿಡ್ತಾರಲ್ವಾ ಮೇಡಂ?" ಎಂದಳು.

ನಾಲ್ವರು ಆಡಬಹುದು, ಮೂವರು ಆಡಬಹುದು, ಇಬ್ಬರು ಉಳಿದರೂ ಆಟ ನಡೆಯುತ್ತದೆ ಎಂದು ಹೇಳಿದೆ. ಹುಡುಗಿ ಕೋಚ್‌ನ ಮುಖ ನೋಡಿದಳು. ಅವರಿಗೂ ಅದು ಗೊತ್ತಿರಲಿಲ್ಲ. ನನ್ನ ಫೋನಿನಲ್ಲಿದ್ದ ನಿಯಮ ಪುಸ್ತಕ ತೆಗೆಸಿ, ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ ಒಂದಾದ ಮೇಲೊಂದು ಪ್ರಶ್ನೆ ಕೇಳತೊಡಗಿದರು. ರಕ್ತ ಬಂದರೆ ಏನು, ಚಿಕಿತ್ಸೆ ಪಡೆದವಳು ಮತ್ತೆ ಆಡಬಹುದೇ, ಕೋಚ್ ಒಳಗೆ ಬರಲು ಯಾರನ್ನು ಕೇಳಬೇಕು. ಆಟೊ ಬರುವವರೆಗೂ ಮೂವರೂ ಅದನ್ನೇ ಮಾತಾಡಿದೆವು. ಹುಡುಗಿ ನೋವು ಮರೆತು ನಡುನಡುವೆ ತನ್ನದೊಂದು ಸಂದೇಹ ಸೇರಿಸುತ್ತಿದ್ದಳು.

ಎರಡು ತಿಂಗಳಿಗೆ ಅವಳ ಕೈ ಸರಿಹೋಯಿತು ಎಂದು ಕೋಚ್ ಫೋನ್ ಮಾಡಿ ತಿಳಿಸಿದರು.

ಈಗ ನಾನು ಎಲ್ಲೇ ಪಂದ್ಯಕ್ಕೆ ಹೋದರೂ ಆಟಕ್ಕೆ ಮೊದಲು ಎರಡೂ ತಂಡಗಳನ್ನು ಹತ್ತಿರ ಕರೆದು, ನೋವಾದರೆ ಹೇಳಿ, ಒಬ್ಬರು ಕಮ್ಮಿಯಾದರೆ ಆಟ ನಿಲ್ಲುವುದಿಲ್ಲ ಎಂದು ಹೇಳುತ್ತೇನೆ. ಮಕ್ಕಳು ಸುಮ್ಮನೆ ತಲೆಯಾಡಿಸುತ್ತಾರೆ. ಹೋದ ವರ್ಷ ಅಲೀಪುರದಿಂದ ಬಂದಿದ್ದ ಹುಡುಗಿಯೊಬ್ಬಳು ಮಾತ್ರ ಕೈಯೆತ್ತಿ, ರೆಫರಿಗೇ ಪೆಟ್ಟಾದರೆ ಏನು ಮಾಡ್ತಾರೆ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಐದು ನಿಮಿಷ ಕಾಯುತ್ತಾರೆ, ಆಮೇಲೆ ಇನ್ನೊಬ್ಬ ರೆಫರಿ ಒಬ್ಬರೇ ಆಟ ನಡೆಸುತ್ತಾರೆ. ಮನೆಗೆ ಬಂದು ಪುಸ್ತಕ ಹುಡುಕಿ ಓದಿದ ಮೇಲೆ ತಿಳಿಯಿತು.