ಮೈಕ್ ಮನೆಯ ಡ್ರಾಯಿಂಗ್ ಮೇಡಂ

“ಆ ಮನೇಲಿ ಬೆಳಗಾದ್ರೆ ಜಗಳ, ಸಂಜೆಯಾದ್ರೆ ಜಗಳ” ಎನ್ನುತ್ತಿದ್ದರು ಬೀದಿಗೆ ಹೊಸದಾಗಿ ಬಂದವರು. ಹಳಬರು ನಗುತ್ತಿದ್ದರು. “ಜಗಳ ಅಲ್ಲ ಕಣ್ರೀ, ಅದು ಮೈಕ್ ಮನೆ. ಅತ್ತೆಗೆ ಕಿವಿ ಮಂದ. ಉಪ್ಪು ಕೇಳೋಕೂ ಕೂಗ್ಬೇಕು.” ಅತ್ತೆಗೆಂದು ಶುರುವಾದ ಕೂಗು ಬರಬರುತ್ತ ಎಲ್ಲರ ಗಂಟಲಿಗೂ ಅಂಟಿಕೊಂಡಿತ್ತು. ಗಂಡಹೆಂಡಿರು ಗುಟ್ಟಿನ ಮಾತಾಡಿದರೂ ಎದುರುಮನೆಯಾಕೆ ಕಿಟಕಿಯಿಂದಲೇ ಸಲಹೆ ಕೊಡುತ್ತಿದ್ದಳು.

ಆ ಮನೆಯ ಸೊಸೆ ಶಾಲೆಯಲ್ಲಿ ಡ್ರಾಯಿಂಗ್ ಮೇಡಂ. ಮಕ್ಕಳಿಗೆ ವಿಡಿಯೊ ಮಾಡುವುದನ್ನು ಕಲಿಸುತ್ತೇನೆಂದು ಹೆಡ್‌ಮೇಡಂ ಬೆನ್ನು ಹತ್ತಿ, ಅಂತೂ ಇಂತೂ ಒಪ್ಪಿಸಿದ್ದರು.

“ಆಯ್ತಮ್ಮಾ, ವಾರಕ್ಕೊಂದು ಪಿರಿಯಡ್ ತಗೊಳ್ಳಿ. ಆದ್ರೆ ವಾರ್ಷಿಕೋತ್ಸವದಲ್ಲಿ ಮಕ್ಕಳದೇ ಒಂದು ವಿಡಿಯೊ ಓಡ್ಬೇಕು. ಓಡ್ಲಿಲ್ವಾ, ಆ ಪಿರಿಯಡ್ ಗಣಿತದ ಮೇಷ್ಟ್ರಿಗೆ. ಅವರು ಆಗ್ಲೇ ಕಣ್ಣು ಹಾಕಿ ಕೂತಿದ್ದಾರೆ.”

ವಿಡಿಯೊ ಜೋಡಿಸುವ ಸಾಫ್ಟ್‌ವೇರ್ ಆರಿಸುವಾಗ ಮೇಡಂ ಎಡವಲಿಲ್ಲ. ಅಂಗಡಿಯವನು ಹೊಗಳಿದ ದೊಡ್ಡ ಸಾಫ್ಟ್‌ವೇರ್ ತೆರೆದದ್ದೇ ತಡ, ಶಾಲೆಯ ಮುದಿ ಕಂಪ್ಯೂಟರು ಗುಂಯ್‌ಗುಟ್ಟಿ ಮಲಗಿಬಿಟ್ಟಿತು. ಪುಕ್ಕಟೆ ಸಿಗುವ ಚಿಕ್ಕದೊಂದನ್ನು ಹಾಕಿದರು. ಅದು ಕುಂಟುತ್ತಲಾದರೂ ನಡೆಯಿತು.

ಶಾಲೆ ಕೊಟ್ಟ ದುಡ್ಡಿನಲ್ಲಿ ಕ್ಯಾಮೆರಾ ಕೊಂಡ ಮೇಲೆ ಕೈಯಲ್ಲಿ ಉಳಿದದ್ದು ಇನ್ನೊಂದೇ ಸಾಮಾನಿಗೆ ಸಾಲುವಷ್ಟು. ಕ್ಯಾಮೆರಾ ನಿಲ್ಲಿಸುವ ಸ್ಟ್ಯಾಂಡೋ, ಅಂಗಿಗೆ ಸಿಕ್ಕಿಸುವ ಕಾಲರ್ ಮೈಕೋ? ಮೇಡಂ ಕ್ಯಾಮೆರಾವನ್ನು ಮನೆಗೆ ತಂದು, ಕಪಾಟಿನ ಮೇಲಿಟ್ಟು, ಅದರೊಳಗಿನ ಮೈಕೇ ಸಾಕೇನೋ ಎಂದು ಪರೀಕ್ಷೆಗೆ ನಿಂತರು.

“ಅತ್ತೇ, ಬಟ್ಟೆ ಒಣಗಿದ್ಯಾ?”

“ಏನೂ?”

“ಬಟ್ಟೇ! ಬಟ್ಟೇ!”

ಹಾಕಿ ಕೇಳಿದರೆ ಒಂದೊಂದು ಅಕ್ಷರವೂ ಗಂಟೆ ಬಾರಿಸಿದ ಹಾಗೆ. “ಇಷ್ಟು ಚೆನ್ನಾಗಿ ಕೇಳ್ತಿರುವಾಗ ಮೈಕ್ ದಂಡ ಕಣೇ” ಎಂದು ಯಜಮಾನರು ತೀರ್ಪು ಕೊಟ್ಟರು. ಸ್ಟ್ಯಾಂಡ್ ಬಂತು.

ಮಕ್ಕಳು ವಿಡಿಯೊಗೆ ಆರಿಸಿಕೊಂಡದ್ದು ಗೇಟಿನ ತಾತನನ್ನು, ಶಾಲೆಯ ಕಾವಲುಗಾರನನ್ನು. ತಾತನ ಮಾತು ಮೀಸೆಯಿಂದಾಚೆ ಬರುವುದೇ ಕಷ್ಟ. ಪ್ರಶ್ನೆ ಕೇಳುವ ಹುಡುಗಿಯರದೋ ಇನ್ನೂ ಸಣ್ಣ ದನಿ. ಚಿತ್ರ ಮುಗಿಸಿ ಕೂತು ನೋಡಿದರೆ ಫ್ಯಾನಿನ ಸದ್ದಿದೆ, ಕಾಗೆಯ ಸದ್ದಿದೆ, ತಾತ ಮಾತ್ರ ಮೀನಿನಂತೆ ಬಾಯಿ ಆಡಿಸುತ್ತಿದ್ದಾನೆ. ವಾರ್ಷಿಕೋತ್ಸವ ಬಾಗಿಲಿಗೆ ಬಂದಿತ್ತು. ಸ್ಟ್ಯಾಂಡ್ ಕೊಟ್ಟು ಮೈಕ್ ಕೇಳಿದರೆ, ಡಬ್ಬ ಹರಿದಿದೆಯೆಂದು ಅಂಗಡಿಯವನು ಬದಲಿಸಿಕೊಡಲು ಒಪ್ಪಲಿಲ್ಲ.

ಸಪ್ಪೆ ಮುಖ ಹೊತ್ತು ಮನೆಗೆ ಬಂದರೆ ಒಳಗಿನಿಂದ ಯಜಮಾನರು, “ಯಾಕೇ, ಏನಾಯ್ತೂ?” ಎಂದರು. ಆ ಅಬ್ಬರಕ್ಕೆ ಎದುರುಮನೆಯ ಕಿಟಕಿ ಪಟ್ಟನೆ ಮುಚ್ಚಿಕೊಂಡಿತು. ಮೇಡಂ ಹೊಸ್ತಿಲಲ್ಲೇ ಹಣೆ ಚಚ್ಚಿಕೊಂಡರು. “ಅಯ್ಯೋ, ನಮ್ಮನೇಲಿ ಪರೀಕ್ಷೆ ಮಾಡಿದ್ನಲ್ರೀ! ಲೋಕದಲ್ಲಿ ಹೀಗೆ ಯಾರ್ರೀ ಮಾತಾಡ್ತಾರೆ?”

ಅಂದು ಸಂಜೆ ಇಬ್ಬರೂ ಪಿಸುಗುಟ್ಟಿ ನೋಡಿದರು. ಫೋನಿನ ಇಯರ್‌ಫೋನಿಗೆ ಸಣ್ಣದೊಂದು ಮೈಕ್ ಇರುತ್ತದಲ್ಲ, ಅದನ್ನು ಯಜಮಾನರ ಕಾಲರಿಗೆ ಪಿನ್ನು ಹಾಕಿ, ಫೋನನ್ನು ಜೇಬಿನಲ್ಲಿಟ್ಟು ರೆಕಾರ್ಡು. ಮನೆ ಗಪ್‌ಚಿಪ್. ಮಗ, ಸೊಸೆ ಇಬ್ಬರ ತುಟಿಯೂ ಆಡುತ್ತಿರುವುದನ್ನು ಕಂಡ ಅತ್ತೆ ಬೆದರಿ, “ಅಯ್ಯೋ, ನನ್ನ ಕಿವಿ ಪೂರ್ತಿ ಹೋಯ್ತಲ್ರಪ್ಪೋ!” ಎಂದು ಬೊಬ್ಬೆ ಹಾಕಿದರು. ಅದಕ್ಕೂ ಮೊದಲೇ ಎದುರುಮನೆಯಾಕೆ ಓಡಿಬಂದು ಬಾಗಿಲು ಬಡಿಯುತ್ತಿದ್ದಳು. “ಏನ್ರೀ, ಸದ್ದೇ ಇಲ್ಲ! ಎಲ್ಲಾ ಹುಷಾರಾಗಿದ್ದೀರಾ?”

ರೆಕಾರ್ಡು ಹಾಕಿದರೆ ಪಿಸುಮಾತು ಹಾಲಿನಂತೆ ಸ್ವಚ್ಛ. ಮೇಡಂಗೆ ಹೋದ ಜೀವ ಬಂತು.

ಮಾರನೆಯ ದಿನ ತಾತನ ಕಾಲರಿಗೂ ಅದೇ ಪಿನ್ನು. ಚಿತ್ರ ಕ್ಯಾಮೆರಾದಲ್ಲಿ, ದನಿ ಫೋನಿನಲ್ಲಿ. ಶುರುವಿನಲ್ಲಿ ಹುಡುಗಿಯೊಬ್ಬಳು ಒಂದು ಚಪ್ಪಾಳೆ ತಟ್ಟಿದಳು. ಆಮೇಲೆ ಕಂಪ್ಯೂಟರಿನಲ್ಲಿ, ಚಿತ್ರದಲ್ಲಿ ಕಂಡ ಚಪ್ಪಾಳೆಗೆ ಫೋನಿನಲ್ಲಿ ಕೇಳಿದ ಚಪ್ಪಾಳೆಯನ್ನು ಕೂಡಿಸಿದರಾಯಿತು. ಮಾತು ತುಟಿಗೆ ಸರಿಯಾಗಿ ಕೂತಿತು.

ವಾರ್ಷಿಕೋತ್ಸವದಲ್ಲಿ ತಾತನ ಮೀಸೆಯೊಳಗಿನ ಮಾತು ಹಿಂದಿನ ಸಾಲಿಗೂ ಮುಟ್ಟಿತು. ಮುಂದಿನ ಸಾಲಿನಲ್ಲಿ, ದೊಡ್ಡ ಸ್ಪೀಕರಿನ ಪಕ್ಕ ಕೂತಿದ್ದ ಅತ್ತೆ ಎದ್ದು ನಿಂತು, “ಕೇಳಿಸ್ತಾ ಇದೆ ಕಣೇ! ಅಷ್ಟು ಕಿರುಚ್ಬೇಡ ಅಂತ ಹೇಳು ಅವನಿಗೆ!” ಎಂದದ್ದೇ ಸಭೆ ಬಿದ್ದು ಬಿದ್ದು ನಕ್ಕಿತು. ಗಣಿತದ ಮೇಷ್ಟರು ಬಂದು, “ಆ ಪಿರಿಯಡ್ ನಿಮಗೇ ಇರ್ಲಿ ಮೇಡಂ. ಮುಂದಿನ ವಿಡಿಯೊ ನನ್ನ ಮೇಲೆ ಮಾಡ್ಸಿ” ಎಂದರು. ಮೇಡಂ ಒಂದು ಲೋಟ ನೀರನ್ನು ಗಟಗಟನೆ ಕುಡಿದು, ಅಲ್ಲೇ ಕುರ್ಚಿಯಲ್ಲಿ ಕುಸಿದು, ಹಾಯಾಗಿ ಕಾಲು ಚಾಚಿದರು.

ಪಿರಿಯಡ್ ಉಳಿಯಿತು. ಕೆಲವು ವರ್ಷ ಕಳೆದು, ಮೇಡಂ ಮನೆಯವರು ಶಾಲೆಯ ಪಕ್ಕದ ಬೀದಿಗೆ ಮನೆ ಬದಲಿಸಿದರು. ಸಾಮಾನೆಲ್ಲ ಹೋದ ಮೇಲೆ ಮೇಡಂ ಕ್ಯಾಮೆರಾದ ಚೀಲ ತರಲು ಒಳಗೆ ಬಂದರು. ಬರಿದಾದ ನಡುಮನೆಯಲ್ಲಿ ನಿಂತು, ಅಭ್ಯಾಸಬಲದಿಂದ ಒಂದು ಚಪ್ಪಾಳೆ ತಟ್ಟಿದರು. ಗೋಡೆಗಳು ಅದನ್ನು ಹಿಂದಿರುಗಿಸಿದವು.

“ಬಂದ್ಯೇನೇ?” ಗಾಡಿಯಿಂದ ಅತ್ತೆಯ ದನಿ.

“ಬಂದೇ ಅತ್ತೇ!”

ಬೀದಿಗೆ ಬೀದಿಯೇ ಕೇಳಿಸಿಕೊಂಡಿತು. ಎದುರುಮನೆಯಾಕೆ ಕಿಟಕಿ ಪೂರಾ ತೆರೆದು ಕೈಬೀಸಿದಳು. ಮೇಡಂ ಚೀಲವನ್ನು ಹೆಗಲಿಗೇರಿಸಿ, ಬಾಗಿಲೆಳೆದುಕೊಂಡು ಹೊರಟರು.